ಎರಡು ರಿವಾಲ್ವರ್, ಒಂದು ಟ್ಯಾಪೆಟ್ ಗೇಜು

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಅಪ್ಪನ ಕಾಲದಿಂದ ಎರಡು ಆಯುಧಗಳಿದ್ದವು: ಜೋಡುನಳಿಗೆಯ ಕೋವಿ ಮತ್ತು ಕಾನ್ಪುರದಲ್ಲಿ ತಯಾರಾದ .32 (ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ) ರಿವಾಲ್ವರ್. ಕೊಡಗಿನ ಕೊಡವರಿಗೂ ಅಲ್ಲಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ನಮಗಿಲ್ಲ. ಜಿಲ್ಲಾಧಿಕಾರಿಯ ಪರವಾನಗಿ ಬೇಕು, ಅದರ ಮೇಲೆ ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ದೊಡ್ಡ ರಿವಾಲ್ವರಿನ ಆಸೆ ಹತ್ತಿದಾಗ ದುಡ್ಡಿಗಿಂತ ಮೊದಲು, ಇರುವ ಎರಡರಲ್ಲಿ ಯಾವುದನ್ನು ಬಿಡುವುದು ಎಂದು ಯೋಚಿಸಬೇಕಾಯಿತು. ಕೋವಿಯನ್ನು ಬಿಡುವ ಮಾತೇ ಇರಲಿಲ್ಲ.

ಇದು ಆಸೆಯೇ ಹೊರತು ಅಗತ್ಯವಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಡಾನೆಯ ಮುಂದೆ ಯಾವ ರಿವಾಲ್ವರೂ ಲೆಕ್ಕಕ್ಕಿಲ್ಲ, ಆನೆ ಬಂದರೆ ನಾನೂ ಓಡುವವನೇ. ಒಳ್ಳೆಯ ಹಳೆಯ ಜೀಪು ಕಂಡರೆ ಬಾನೆಟ್ ಎತ್ತಿ ನೋಡಬೇಕೆನಿಸುತ್ತದಲ್ಲ, ಇದೂ ಅಂಥದ್ದೇ.

ಖಾಸಗಿಯವರು ಹೊರದೇಶದಿಂದ ಆಯುಧ ತರಿಸುವುದು 1980ರ ದಶಕದಲ್ಲೇ ನಿಂತಿರುವುದರಿಂದ, ಅಮೆರಿಕದ ದೊಡ್ಡ ರಿವಾಲ್ವರ್ ಬೇಕೆಂದರೆ ಹಳಬರ ಕಪಾಟಿನಿಂದಲೇ ಬರಬೇಕು. ನನ್ನ ಅದೃಷ್ಟಕ್ಕೆ, ಕಣ್ಣು ಮಂಜಾಗುತ್ತಿದ್ದ ಹಿರಿಯ ಪ್ಲಾಂಟರ್ ಒಬ್ಬರು ತಮ್ಮ ಎರಡು ಸ್ಮಿತ್ ಅಂಡ್ ವೆಸ್ಸನ್‌ಗಳಲ್ಲಿ ಒಂದನ್ನು ಕೊಡಲು ಸಿದ್ಧರಿದ್ದರು. ಎರಡೂ .357 ಮ್ಯಾಗ್ನಂ, ಎರಡೂ ಆ ಕಂಪನಿ ಎನ್ ಎಂದು ಕರೆಯುವ ದೊಡ್ಡ ಫ್ರೇಮಿನವು. ಒಂದು ಮಾಡೆಲ್ 27. 1935ರಲ್ಲಿ .357 ತೋಟಾದ ಜೊತೆಗೇ ಹೊರಬಂದ ರಿವಾಲ್ವರಿನ ವಂಶ ಅದು. ಕನ್ನಡಿಯಂಥ ನೀಲಿ ಹೊಳಪು, ಫ್ರೇಮಿನ ನೆತ್ತಿಯ ಮೇಲೆ ಸಣ್ಣ ಚೌಕಳಿ ಕೆತ್ತನೆ, ಎಂಟು ಇಂಚಿಗೂ ಮೀರಿದ ನಳಿಗೆ. ಇನ್ನೊಂದು ಮಾಡೆಲ್ 28, ನಾಲ್ಕು ಇಂಚಿನದು. 1954ರಲ್ಲಿ ಪೊಲೀಸರಿಗೆಂದು ಅದೇ ಯಂತ್ರವನ್ನು ಹೊಳಪಿಲ್ಲದೆ, ಕೆತ್ತನೆಯಿಲ್ಲದೆ ಅಗ್ಗವಾಗಿ ಮಾಡಿದ್ದು. 1986ರಲ್ಲಿ ಅದರ ತಯಾರಿಕೆ ನಿಂತಿತು.

"ಯಾವುದಾದರೂ ಒಂದು ತೆಗೆದುಕೋ ಮಾರಾಯ, ಬೇಗ ಹೇಳು" ಎಂದರು ಹಿರಿಯರು. ನನ್ನ ಕಣ್ಣೆಲ್ಲ 27ರ ಮೇಲೆ.

ತೋಟಾ ತುಂಬುವ, ತಿರುಗುವ ಸಿಲಿಂಡರನ್ನು ಹೊರಕ್ಕೆ ತೆಗೆದು ಆರೂ ಕೋಣೆ ಖಾಲಿ ಇವೆಯೆಂದು ನೋಡಿದೆ. ಅವರು ನೋಡಿ ಕೊಟ್ಟಿದ್ದರೂ ಮತ್ತೆ ನೋಡಿದೆ. ಕೈ ಬದಲಾದಾಗಲೆಲ್ಲ ಇದು ಆಗಲೇಬೇಕು, ಇದರಲ್ಲಿ ದಾಕ್ಷಿಣ್ಯವಿಲ್ಲ. ನಂತರ ಜೀಪಿನ ಟ್ಯಾಪೆಟ್ ಗೇಜನ್ನು, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲನ್ನು, ಜೇಬಿನಿಂದ ತೆಗೆದಾಗ ಅವರು ನಕ್ಕರು.

ಸಿಲಿಂಡರಿಗೂ ನಳಿಗೆಯ ಬುಡಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. 28ರಲ್ಲಿ 0.15 ಮಿಲಿಮೀಟರಿನ ಪಟ್ಟಿ ಸಲೀಸಾಗಿ ಹೋಯಿತು, ಅದರ ಮೇಲಿನದು ಹೋಗಲಿಲ್ಲ. ಸಿಲಿಂಡರನ್ನು ಮುಂದೆ ತಳ್ಳಿದರೂ ಹಿಂದೆ ಎಳೆದರೂ ಹೆಚ್ಚುಕಡಿಮೆ ಅಷ್ಟೇ. 27ರಲ್ಲಿ ಮುಂದೆ ತಳ್ಳಿದಾಗ 0.10, ಹಿಂದೆ ಎಳೆದಾಗ 0.25. ಅಂದರೆ ಸಿಲಿಂಡರ್ ತನ್ನ ಜಾಗದಲ್ಲೇ ಹಿಂದೆ ಮುಂದೆ ಆಡುತ್ತಿತ್ತು.

ಆಮೇಲೆ ತೋಟಾದ ಬುಡಕ್ಕೆ ಹೊಡೆಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಎಳೆದೆ, ಇನ್ನೊಂದು ಕೈಯ ಬೆರಳಿನಿಂದ ಸಿಲಿಂಡರನ್ನು ತುಸು ತಡೆಹಿಡಿದು. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವುದರೊಳಗೆ ಸಿಲಿಂಡರ್ 'ಟಕ್' ಎಂದು ಕಚ್ಚಿಕೊಳ್ಳಬೇಕು. 28ರಲ್ಲಿ ಆರು ಕೋಣೆಗೆ ಆರು ಟಕ್. 27ರಲ್ಲಿ ನಾಲ್ಕು. ಉಳಿದ ಎರಡರಲ್ಲಿ ಹ್ಯಾಮರ್ ನಿಂತುಬಿಟ್ಟಿತ್ತು, ಸಿಲಿಂಡರ್ ಇನ್ನೂ ಬರುತ್ತಲೇ ಇತ್ತು. ಹೀಗಿದ್ದರೆ ಗುಂಡು ನಳಿಗೆಗೆ ನೇರವಾಗಿ ನುಗ್ಗದೆ ಅಂಚಿಗೆ ತಾಗಿ ಸೀಸ ಸಿಡಿಸಬಹುದು. ಡಬಲ್ ಆಕ್ಷನ್ನಿನಲ್ಲಿ, ಅಂದರೆ ಹ್ಯಾಮರನ್ನು ಕೈಯಿಂದ ಎಳೆಯದೆ ಟ್ರಿಗರಿನಿಂದಲೇ ಹೊಡೆಯುವಾಗ, ಟ್ರಿಗರನ್ನು ಜೋರಾಗಿ ಎಳೆದರೆ ಸಿಲಿಂಡರ್ ತನ್ನ ವೇಗಕ್ಕೇ ತಿರುಗಿ ಕಚ್ಚಿಕೊಳ್ಳುವುದರಿಂದ ಈ ದೋಷ ಗೊತ್ತೇ ಆಗುವುದಿಲ್ಲ. ಸರಿಪಡಿಸಲು ಹೊಸ ಬಿಡಿಭಾಗ ತರಿಸಿ, ಅರದಿಂದ ತಿಕ್ಕಿ ಕೂರಿಸಬೇಕು. ಚಿಕ್ಕಮಗಳೂರಿನಲ್ಲಿ ಕೂತು ಆ ಭಾಗವನ್ನು ಎಲ್ಲಿಂದ ತರಲಿ?

ಹಿಡಿಯ ತಿರುಪು ಬಿಚ್ಚಿದ ಮೇಲೆ ಉಳಿದ ಆಸೆಯೂ ಇಳಿಯಿತು. ಹೊರಗೆ ಕನ್ನಡಿ, ಮರದ ಹಿಡಿಯ ಅಡಿಯಲ್ಲಿ ಕಂದು ತುಕ್ಕಿನ ಹೊಪ್ಪಳೆ. ಎಷ್ಟು ಮಳೆಗಾಲ ಅದು ಚರ್ಮದ ಚೀಲದಲ್ಲೇ ಕಳೆದಿತ್ತೋ! ಮಲೆನಾಡಿನಲ್ಲಿ ಚರ್ಮದ ಚೀಲ ಹೊತ್ತು ತಿರುಗುವುದಕ್ಕೆ ಮಾತ್ರ ಸರಿ, ಒಳಗಿಟ್ಟು ಮರೆಯುವುದಕ್ಕಲ್ಲ. ಚರ್ಮ ತೇವ ಹೀರುತ್ತದೆ, ಪಕ್ಕದ ಕುಣಿಕೆಗಳಲ್ಲಿ ಸಿಕ್ಕಿಸಿದ ಹಿತ್ತಾಳೆ ತೋಟಾಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಉಳಿದದ್ದು ಕೈಯ ಮಾತು. ಎನ್ ಫ್ರೇಮಿನ ಹಿಡಿ ದಪ್ಪ. ನನ್ನ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಸರಿಯಾಗಿ ಕೂರುತ್ತದೆ, ನನ್ನ ಹೆಂಡತಿಯದು ತಲುಪುವುದೇ ಇಲ್ಲ. ಮದ್ದಿಲ್ಲದ ಡಮ್ಮಿ ತೋಟಾ ಹಾಕಿ, ನಳಿಗೆ ತುದಿಯ ಗುರಿಮುಳ್ಳಿನ ಹಿಂದೆ ನಳಿಗೆಯ ಚಪ್ಪಟೆ ಬೆನ್ನಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಗೋಡೆಯ ಕಡೆ ಹಿಡಿದು ಡಬಲ್ ಆಕ್ಷನ್ನಿನಲ್ಲಿ ಟ್ರಿಗರ್ ಎಳೆದೆ. ಉದ್ದದ 27 ತುದಿಭಾರಕ್ಕೆ ತಗ್ಗಿತು, ನಾಣ್ಯ ಬಿತ್ತು. ಸುಮಾರು 1.2 ಕಿಲೋ ತೂಗುವ 28ರ ಮೇಲೆ ಮೂರನೆಯ ಸಲಕ್ಕೆ ನಾಣ್ಯ ನಿಂತಿತು. ನಮ್ಮ 700 ಗ್ರಾಮಿನ ಕಾನ್ಪುರದ್ದರಲ್ಲಿ ಈ ಆಟ ನನಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ.

ಆದರೆ ಅದರ .32 ತೋಟಾ ನಮ್ಮ ಖಡ್ಕಿ ಕಾರ್ಖಾನೆಯಲ್ಲೇ ತಯಾರಾಗುತ್ತದೆ. .357ರ ತೋಟಾಗೆ ಅಂಗಡಿಯವರು ಹೇಳಿದ ಬೆಲೆ ಕೇಳಿದಾಗ ಒಂದೊಂದು ಗುಂಡೂ ಒಂದು ಆಳಿನ ಕೂಲಿಯಂತೆ ಕಾಣಿಸಿತು. ಆಸೆಗೆ ಬಿದ್ದವನು ಇದನ್ನು ನುಂಗಿಕೊಳ್ಳಬೇಕು, ನುಂಗಿಕೊಂಡೆ.

"28 ಕೊಡಿ" ಎಂದೆ.

"ಪೊಲೀಸಿನವರದ್ದಾ!" ಎಂದು ಹಿರಿಯರು ನಿರಾಸೆಯಿಂದ ನೋಡಿದರು.

ಮಾರುವವರು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂದು ಕಾನೂನಿದೆ. ನಮ್ಮ .32ಕ್ಕೂ ಅದೇ ಲೆಕ್ಕ, ಅದು ಪರವಾನಗಿ ಇರುವ ನನ್ನ ಷಡ್ಡಕನ ಮನೆ ಸೇರಿತು. ಎಲ್ಲ ಮುಗಿದು 28 ಮನೆಗೆ ಬಂದ ನಾಲ್ಕನೆಯ ದಿನ ಚುನಾವಣೆ ಘೋಷಣೆಯಾಯಿತು, ಆಯುಧ ಠಾಣೆಗೆ ಒಪ್ಪಿಸಿ ಎಂದು ನೋಟಿಸು ಬಂತು. ಚರ್ಮದ ಚೀಲವನ್ನು ಮನೆಯಲ್ಲೇ ಬಿಟ್ಟು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ದೆ. ನಂಬರ್ ಬರೆದುಕೊಳ್ಳುತ್ತಿದ್ದ ಪೇದೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದೇನು ಸ್ವಾಮಿ, ಇಷ್ಟು ಭಾರ?" ಎಂದು ಕೇಳಿದರು.