ಡಿಸೆಕ್ಷನ್ ಹಾಲಿನ ನೆಲದ ಮೇಲೆ ಬೆನ್ನುಹುರಿ: ನ್ಯೂರೋಅನಾಟಮಿ ಕಲಿಸಿದ ನನ್ನ ಅನುಭವ

ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಅನಾಟಮಿ (ದೇಹರಚನೆ) ಕಲಿಸುವವರೆಲ್ಲ ಇದನ್ನು ನೋಡಿರುತ್ತಾರೆ. ಕೈಕಾಲು, ಎದೆ, ಹೊಟ್ಟೆ ಮುಗಿಯುವ ತನಕ ಖುಷಿಯಿಂದ ಓದುತ್ತಿದ್ದ ಹುಡುಗಿ, ಮೆದುಳಿನ ಪಾಠ ಶುರುವಾದ ಎರಡೇ ವಾರಕ್ಕೆ ಕೈಚೆಲ್ಲಿ ಕೂತಿರುತ್ತಾಳೆ. ಈ ಭಯಕ್ಕೆ ನ್ಯೂರೋಫೋಬಿಯಾ ಅಂತ ಹೆಸರೇ ಇದೆ. 1994ರಲ್ಲಿ ಅಮೆರಿಕದ ನರವೈದ್ಯ ರಾಲ್ಫ್ ಜೋಝೆಫೋವಿಚ್ ಇಟ್ಟ ಹೆಸರು ಅದು.

ನಾನೂ ಎಷ್ಟೋ ವರ್ಷ ಆ ಭಯವನ್ನು ಹೆಚ್ಚಿಸಿದವಳೇ. ಸ್ಲೈಡ್ ಮೇಲೆ ಸ್ಲೈಡ್ ಹಾಕಿ, ಒಂದೇ ಗಂಟೆಯಲ್ಲಿ ಮೆದುಳಿನ ಕಡೆ ಮೇಲೆ ಹೋಗುವ ನರದ ನಾರಿನ ಕಟ್ಟುಗಳಾದ ಟ್ರ್ಯಾಕ್ಟ್‌ಗಳನ್ನೆಲ್ಲ ಮುಗಿಸುತ್ತಿದ್ದೆ. ಒಂದು ಸಲ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಒಬ್ಬ ಹುಡುಗ ನೋವಿನ ಸುದ್ದಿ ಒಯ್ಯುವ ಸ್ಪೈನೋಥಲಾಮಿಕ್ ಟ್ರ್ಯಾಕ್ಟನ್ನು ಬಣ್ಣದ ಪೆನ್ಸಿಲ್‌ನಲ್ಲಿ ಒಂದೂ ತಪ್ಪಿಲ್ಲದೆ ಬರೆದ. "ಬೆನ್ನುಹುರಿಯ ಬಲ ಅರ್ಧ ಕತ್ತರಿಸಿದರೆ ಯಾವ ಕಾಲಿಗೆ ನೋವು ಗೊತ್ತಾಗಲ್ಲ?" ಅಂತ ಕೇಳಿದೆ. ಸುಮ್ನೆ ನನ್ನ ಮುಖ ನೋಡುತ್ತ ನಿಂತ. ಉತ್ತರ ಅವನೇ ಬರೆದ ಚಿತ್ರದಲ್ಲಿತ್ತು, ಅಲ್ವಾ? ಅದನ್ನು ಚಿತ್ರದಿಂದ ಹೊರಗೆ ತೆಗೆಯುವುದನ್ನು ನಾನು ಕಲಿಸಿರಲಿಲ್ಲ.

ಅಲ್ಲಿಂದ ಪಾಠವನ್ನು ತಿರುಗಿಸಿಕೊಂಡೆ. ಈಗ ಮೊದಲು ರೋಗಿ ಬರುತ್ತಾನೆ, ಆಮೇಲೆ ಟ್ರ್ಯಾಕ್ಟ್. ಒಬ್ಬನಿಗೆ ಬೆನ್ನಿಗೆ ಚಾಕು ಬಿದ್ದಿದೆ, ಬೆನ್ನುಹುರಿಯ ಬಲಭಾಗ ಮಾತ್ರ ತುಂಡಾಗಿದೆ. ಬಲಗಾಲು ಎತ್ತಲಾರ. ಬಲಗಾಲಿಗೆ ಟ್ಯೂನಿಂಗ್ ಫೋರ್ಕ್ ಇಟ್ಟರೆ ಅದರ ನಡುಕ ತಿಳಿಯುವುದಿಲ್ಲ. ಸೂಜಿ ಚುಚ್ಚಿದರೆ ಮಾತ್ರ ಬಲಗಾಲಿಗೆ ನೋವಾಗುತ್ತದೆ, ಎಡಗಾಲಿಗೆ ಆಗುವುದಿಲ್ಲ. ಇಷ್ಟು ಹೇಳಿ ಆ ದಿನ ಬಿಟ್ಟುಬಿಡುತ್ತೇನೆ. ಮಕ್ಕಳು ಮರುದಿನ ಜಗಳ ಆಡುತ್ತಲೇ ಬರುತ್ತಾರೆ.

ಮರುದಿನ ಹಗ್ಗ. ಡಿಸೆಕ್ಷನ್ ಹಾಲಿನ (ಶವ ಕೊಯ್ದು ಕಲಿಯುವ ಕೋಣೆ) ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುಮಾರು 30 ಅಡಿ ಉದ್ದಕ್ಕೆ ಬೆನ್ನುಹುರಿ, ಅದರ ಮೇಲೆ ಒಂದಾದ ಮೇಲೊಂದು ಮೆದುಳಿನ ಭಾಗಗಳಾದ ಮೆಡುಲ್ಲಾ, ಪಾನ್ಸ್, ಮಿಡ್‌ಬ್ರೈನ್, ಥಲಾಮಸ್, ಕಾರ್ಟೆಕ್ಸ್ (ಮೆದುಳಿನ ಹೊರಪದರ) ಬರೆಯುತ್ತೇವೆ. ಮೂರು ಬಣ್ಣದ ಹತ್ತಿ ಹಗ್ಗ ಇರುತ್ತದೆ (ನೈಲಾನ್ ಬೇಡ, ಗಂಟು ನಿಲ್ಲುವುದಿಲ್ಲ). ಹಳದಿ ನೋವಿನದು, ನೀಲಿ ನಡುಕ ಮತ್ತು ಸೂಕ್ಷ್ಮ ಸ್ಪರ್ಶದ್ದು, ಕೆಂಪು ಕಾರ್ಟೆಕ್ಸಿನಿಂದ ಕೆಳಗಿಳಿಯುವ ಚಲನೆಯದು. ಮಕ್ಕಳು ಹಗ್ಗ ಹಿಡಿದು ನಡೆಯಬೇಕು. ಒಂದು ನ್ಯೂರಾನ್ (ನರಕೋಶ) ಮುಗಿದು ಇನ್ನೊಂದು ಶುರುವಾಗುವಲ್ಲಿ ನಿಂತು ಗಂಟು ಹಾಕಬೇಕು, ಎಡಬಲ ಬದಲಾಗಿ ದಾಟುವ ಜಾಗದಲ್ಲಿ ಜೋರಾಗಿ "ದಾಟಿದೆ" ಅನ್ನಬೇಕು.

ಎರಡು ಸಲ ನಡೆದರೆ ಮಕ್ಕಳೇ ಕಂಡುಹಿಡಿಯುತ್ತಾರೆ: ಹಳದಿಯಲ್ಲೂ ನೀಲಿಯಲ್ಲೂ ದಾಟುವುದು ಎರಡನೆಯ ನ್ಯೂರಾನೇ. ಜಾಗ ಮಾತ್ರ ಬೇರೆ. ನೋವಿನದು ಬೆನ್ನುಹುರಿಗೆ ಬಂದು ಒಂದೆರಡು ಹಂತದ (ಸೆಗ್ಮೆಂಟ್) ಒಳಗೇ ಆಚೆ ಹೋಗುತ್ತದೆ, ನೀಲಿ ಮಾತ್ರ ಮೆಡುಲ್ಲಾ ತನಕ ಬಂದ ಕಡೆಯಲ್ಲೇ ಏರುತ್ತದೆ. ಕೆಂಪು ಮೆಡುಲ್ಲಾದ ಕೆಳತುದಿಯಲ್ಲಿ ದಾಟುತ್ತದೆ, ಪೂರ್ತಿ ಅಲ್ಲ, 85ರಿಂದ 90 ಶೇಕಡಾ ನಾರುಗಳು. ಆಗ ಒಬ್ಬಳು ಬಲ ಅರ್ಧಕ್ಕೆ ಅಡ್ಡವಾಗಿ ಮರದ ಹಲಗೆ ಇಡುತ್ತಾಳೆ. ಬಲಗಾಲಿನ ಕೆಂಪು ನಿಂತಿತು, ಬಲಗಾಲಿನ ನೀಲಿ ನಿಂತಿತು, ಎಡಗಾಲಿನಿಂದ ಈಗಾಗಲೇ ಈಚೆ ಬಂದಿದ್ದ ಹಳದಿ ನಿಂತಿತು. ಬ್ರೌನ್ ಸೆಕಾರ್ಡ್ ಸಿಂಡ್ರೋಮ್ ಅನ್ನುವ ಹೆಸರನ್ನು ನಾನು ಹೇಳುವುದು ಇದಾದ ಮೇಲೆಯೇ.

ದಾಟುವುದಕ್ಕೆ ಪುಸ್ತಕದಲ್ಲಿರುವ ಪದ ಡೆಕಸೇಷನ್. ಲ್ಯಾಟಿನ್‌ನಲ್ಲಿ 10 ಅನ್ನುವುದನ್ನು ಕತ್ತರಿ ಗುರುತಿನ ಹಾಗೆ ಬರೆಯುತ್ತಾರಲ್ಲ, ಅದರಿಂದ ಬಂದದ್ದು. ಮೆಡುಲ್ಲಾದ ಮುಂದಿನ ಸೀಳನ್ನು ಮೆಲ್ಲಗೆ ಅಗಲಿಸಿದರೆ ಆ ದಾಟುವ ಕಟ್ಟುಗಳು ಕಣ್ಣಿಗೇ ಕಾಣುತ್ತವೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಒಬ್ಬ ವಿದ್ಯಾರ್ಥಿನಿ ಅದನ್ನು ನೋಡಿ "ಮೇಡಂ, ಜಡೆ ಹೆಣೆದ ಹಾಗಿದೆ" ಅಂದಳು. ಇಂಗ್ಲಿಷಿನಲ್ಲಿ ಬಾಯಿ ಬಿಡದವಳು ಆ ದಿನ ಇಡೀ ಬ್ಯಾಚಿಗೆ ವಿವರಿಸಿದಳು. ಪರೀಕ್ಷೆಗೆ ಇಂಗ್ಲಿಷ್ ಬೇಕು, ಸರಿ. ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಕನ್ನಡ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೆದುಳನ್ನು ಕೈಗೆ ಕೊಡುವುದೂ ಅಷ್ಟೇ ಮುಖ್ಯ. 1300-1400 ಗ್ರಾಂ ತೂಕ ಅಂಗೈ ಮೇಲೆ ಕೂತಾಗ ಮಕ್ಕಳು ತಾವಾಗಿಯೇ ಮೌನವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಒಂದು ಬ್ಯಾಚ್ ಕರೆದುಕೊಂಡು ಹೋಗಿದ್ದೆ. ಪಾರ್ಶ್ವವಾಯುವಿನಿಂದ ಹಾಳಾದ ಭಾಗವನ್ನು ಅಲ್ಲಿ ನೋಡಿ ಬಂದವರು ರಕ್ತನಾಳಗಳ ಪಾಠವನ್ನು ಬೇರೆಯೇ ಆಸಕ್ತಿಯಿಂದ ಕೇಳಿದರು.

ನಾರುಗಳನ್ನು ತೋರಿಸಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಮಾಡಿದ ವಿಧಾನ ಹಿಡಿದೆ. ಫಾರ್ಮಾಲಿನ್‌ನಲ್ಲಿ ಗಟ್ಟಿಯಾದ ಮೆದುಳನ್ನು ಚೆನ್ನಾಗಿ ತೊಳೆದು, ಮೇಲಿನ ಪೊರೆ ಬಿಡಿಸಿ, ಒಂದು ವಾರ ಫ್ರೀಜರ್‌ನಲ್ಲಿಟ್ಟು ಆಮೇಲೆ ನೀರಿನಲ್ಲಿ ಕರಗಿಸಬೇಕು. ಒಳಗೆ ಹೆಪ್ಪುಗಟ್ಟಿದ ನೀರು ನಾರುಗಳನ್ನು ಬಿಡಿಬಿಡಿ ಮಾಡಿರುತ್ತದೆ. ಮೊದಲ ಸಲ ಆತುರಪಟ್ಟು ಬ್ಲೇಡ್ ಹಾಕಿ ಎಲ್ಲ ಕೆಡಿಸಿದೆ. ಈಗ ಐಸ್‌ಕ್ರೀಮ್ ಕಡ್ಡಿಯಿಂದ ಸುಲಿಯುತ್ತೇವೆ. ಬೀಸಣಿಗೆಯ ಹಾಗೆ ಹರಡಿದ ನಾರುಗಳು, ಅಂದರೆ ಕೊರೋನಾ ರೇಡಿಯೇಟಾ, ಕೆಳಗೆ ಬರುತ್ತ ಕಿರಿದಾಗಿ ಇಂಟರ್ನಲ್ ಕ್ಯಾಪ್ಸೂಲ್ ಅನ್ನುವ ಇಕ್ಕಟ್ಟಾದ ಕಟ್ಟು ಆಗುವುದನ್ನು ಒಮ್ಮೆ ಸುಲಿದು ನೋಡಿದವರಿಗೆ, ಅಲ್ಲಿ ಒಂದು ಸಣ್ಣ ರಕ್ತನಾಳ ಒಡೆದರೆ ಅರ್ಧ ಮೈ ಯಾಕೆ ಬಿದ್ದುಹೋಗುತ್ತದೆ ಅಂತ ಮತ್ತೆ ಹೇಳಬೇಕಾಗಿಲ್ಲ.

150 ಮಕ್ಕಳ ತರಗತಿಯಲ್ಲಿ ಇದೆಲ್ಲ ಒಟ್ಟಿಗೆ ಆಗುವುದಿಲ್ಲ. 25 ಜನರ ಗುಂಪು ಮಾಡಿ ಆರು ಸಲ ಮಾಡುತ್ತೇನೆ. ಸಮಯ ಜಾಸ್ತಿ ಹೋಗುತ್ತದೆ, ಅದಕ್ಕೆ ಸ್ಲೈಡ್ ಪಾಠಗಳನ್ನು ಕಡಿಮೆ ಮಾಡಿದ್ದೇನೆ.

ಮೆದುಳಿನ ಆಳದಲ್ಲಿದ್ದು ಚಲನೆಯನ್ನು ಹತೋಟಿಯಲ್ಲಿಡುವ ಬೇಸಲ್ ಗ್ಯಾಂಗ್ಲಿಯಾ ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಅಲ್ಲಿ ಒಂದು ತಡೆಯನ್ನು ಇನ್ನೊಂದು ತಡೆ ತಡೆಯುತ್ತದೆ. ಹಗ್ಗದಲ್ಲಿ ದಾರಿ ತೋರಿಸಬಹುದು, ತಡೆಯನ್ನು ತೋರಿಸಲಾಗುವುದಿಲ್ಲ. ಹೋದ ವರ್ಷ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಒಬ್ಬರು ಭುಜ ಒತ್ತಿದರೆ ಮುಂದಿನವರು ಕೂರಬೇಕು, ಕೂತವರು ಯಾರನ್ನೂ ಒತ್ತುವಂತಿಲ್ಲ ಅಂತ ಆಡಿಸಿದೆ. ಅಲ್ಲಿನ ಎರಡು ದಾರಿಗಳಲ್ಲಿ ನೇರ ದಾರಿ ಅರ್ಥವಾಯಿತು, ಸುತ್ತುದಾರಿಗೆ ಬಂದಾಗ ಗೊಂದಲವಾಯಿತು. ನೀವು ಯಾರಾದರೂ ಇದನ್ನು ಸರಿಯಾಗಿ ಕಲಿಸಿದ್ದರೆ ಹೇಗೆ ಅಂತ ದಯವಿಟ್ಟು ಹೇಳಿ, ಮುಂದಿನ ಬ್ಯಾಚಿಗೆ ಮಾಡಿ ನೋಡುತ್ತೇನೆ.