ಪುಟ್ಟ ಮಕ್ಕಳ ಹುಟ್ಟುಹಬ್ಬ: ಜಾಗ ಆರಿಸುವುದು ಹೇಗೆ?

ಮಗುವಿಗೆ ಮೂರೋ ನಾಲ್ಕೋ ತುಂಬುತ್ತಿದೆಯಾ? ಹಾಲ್ ಹುಡುಕುವ ಮೊದಲು ಹೊತ್ತು ಗೊತ್ತು ಮಾಡಿ. ಮಧ್ಯಾಹ್ನ ಮಲಗುವ ಮಗುವಾದರೆ ಸಂಜೆ ನಾಲ್ಕೂವರೆಯಿಂದ ಆರೂವರೆ ಒಳ್ಳೆಯದು. ಅದಕ್ಕಿಂತ ಎಳೆದರೆ ಕೇಕ್ ಮುಂದೆ ನಿಂತು ಹುಟ್ಟುಹಬ್ಬದ ಮಗುವೇ ರಚ್ಚೆ ಹಿಡಿಯುತ್ತದೆ.

ಆಮೇಲೆ ತಲೆ ಲೆಕ್ಕ. ಅಂಗನವಾಡಿಯ ಹತ್ತು ಮಕ್ಕಳನ್ನು ಕರೆದರೆ ಅಮ್ಮ, ಅಜ್ಜಿ, ಅಣ್ಣ, ತಂಗಿ ಸೇರಿ ಮೂವತ್ತು ಅಂತ ಹಿಡಿಯಿರಿ. ಇಷ್ಟು ಜನಕ್ಕೆ ಮದುವೆ ಹಾಲ್ ಯಾಕೆ? ದೊಡ್ಡ ಹಾಲಿನಲ್ಲಿ ಮಕ್ಕಳು ಓಡುತ್ತಾರೆ, ದೊಡ್ಡವರು ಅವರ ಹಿಂದೆ ಓಡುತ್ತಾರೆ. ಬಾಡಿಗೆ ಬೇರೆ ದಂಡ.

ಮುಂದಿನದು ಮಳೆ. ನಮ್ಮ ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಜಾಗದ ಮಾತೇ ಬೇಡ. ಅಕ್ಟೋಬರ್, ನವೆಂಬರ್‌ನಲ್ಲೂ ಸಂಜೆ ಹೊತ್ತಿಗೇ ಗುಡುಗು ಸಿಡಿಲು. ಶೀಟಿನ ಮಾಡು ಇದೆಯಲ್ಲ ಅನ್ನಬೇಡಿ. ಮಳೆ ಜೋರಾದರೆ ಆ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು, ಮಕ್ಕಳು ಹೆದರಿ ಅಳುತ್ತಾರೆ. ಕಾಂಕ್ರೀಟ್ ತಾರಸಿ, ಇನ್ವರ್ಟರ್ ಎರಡೂ ಇರುವ ಕೋಣೆ ನೋಡಿ.

ಮಳೆ ಇಲ್ಲದ ತಿಂಗಳಲ್ಲಿ ಮನೆಯಂಗಳಕ್ಕಿಂತ ಒಳ್ಳೆಯ ಜಾಗ ನನಗಂತೂ ಕಾಣುವುದಿಲ್ಲ. ಆದರೆ ಆಗಲೇ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ! ಒಂದು ಮೂಲೆ ಬಿಡಿಸಿಕೊಂಡರೂ ಸಾಕು.

ಬೇಕಲದ ಕಡಲ ತೀರ ಫೋಟೊಗೆ ಚೆಂದ. ಅಲ್ಲಿ ಗಾಳಿಗೆ ಮೇಣದಬತ್ತಿ ನಿಲ್ಲದು, ಕೇಕಿಗೆ ಮರಳು. ನೀರಿನ ಕಡೆ ಓಡುವ ಹತ್ತು ಮಕ್ಕಳನ್ನು ಹಿಡಿಯುವವರು ಯಾರು? ಅಪ್ಪ ಅಮ್ಮ ಮಾತ್ರ ಕರೆದುಕೊಂಡು ಹೋಗುವುದಾದರೆ ಸರಿ.

ಜಾಗ ಒಪ್ಪಿಗೆಯಾದರೆ ಪಾರ್ಟಿಯ ಹೊತ್ತಿಗೇ ಒಮ್ಮೆ ಹೋಗಿ, ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ಪ್ಲಗ್ ಪಾಯಿಂಟ್ ಕೈಗೆ ಸಿಗುತ್ತದೆಯೇ? ವೇದಿಕೆಯ ಅಂಚು, ಮೆಟ್ಟಿಲು ಹೇಗಿದೆ? ಜ್ಯೂಸ್ ಚೆಲ್ಲಿದರೆ ನೆಲ ಜಾರುತ್ತದೆಯೇ? ಶೌಚಾಲಯದಲ್ಲಿ ಮಕ್ಕಳು ಒಳಗಿಂದ ಚಿಲಕ ಹಾಕಿಕೊಂಡರೆ ತೆಗೆಯುವ ದಾರಿ ಕೇಳಿಟ್ಟುಕೊಳ್ಳಿ. ಗೇಟು ನೇರ ಹೆದ್ದಾರಿಗೆ ತೆರೆಯುವ ಜಾಗ ಬೇಡವೇ ಬೇಡ. ತೋಟದ ಪಕ್ಕವಾದರೆ ಕೆರೆ, ಕಟ್ಟೆ ಇಲ್ಲದ ಬಾವಿ ಎಲ್ಲಿದೆ ಎಂದು ನಡೆದೇ ನೋಡಬೇಕು. ಬೇಲಿ ಇಲ್ಲವೆಂದರೆ ಬೇರೆ ಜಾಗ ಹುಡುಕಿ, ಇದರಲ್ಲಿ ರಾಜಿ ಇಲ್ಲ.

ಅಲಂಕಾರಕ್ಕೆ ನಿಯಮ ಉಂಟು. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಥರ್ಮೊಕೋಲ್ ಅಲಂಕಾರ 2022ರ ಜುಲೈಯಿಂದ ದೇಶದಲ್ಲೇ ನಿಷೇಧ. ಒಡೆದ ಬಲೂನಿನ ಚೂರು ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಆಗಾಗಲೇ ಹೆಕ್ಕಿಬಿಡಿ. ಕಸ ಯಾರು ಒಯ್ಯಬೇಕು ಎಂದೂ ಮೊದಲೇ ಕೇಳಿ. ದೇವಸ್ಥಾನದ ಸಭಾಭವನವಾದರೆ ಮೊಟ್ಟೆ ಹಾಕದ ಕೇಕ್ ಬೇಕಾಗಬಹುದು.

ಆಟ ಆಡಿಸುವವರನ್ನು ಹಾಲಿನವರೇ ಕೊಡುವುದಾದರೆ ಅವರಿಗೆ ಯಾವ ಭಾಷೆ ಬರುತ್ತದೆ ಅಂತ ವಿಚಾರಿಸಿ. ಬರುವ ಮಕ್ಕಳಲ್ಲಿ ಕನ್ನಡ, ತುಳು, ಮಲಯಾಳ ಎಲ್ಲ ಇರುತ್ತದೆ, ಅಲ್ವಾ? ಒಂದೇ ಭಾಷೆಯಲ್ಲಿ ಕೂಗಿದರೆ ಅರ್ಧ ಮಕ್ಕಳು ಸುಮ್ನೆ ಕೂರುತ್ತಾರೆ.

ಕೊನೆಗೆ ಮುಂಗಡ. ಈ ವಯಸ್ಸಿನಲ್ಲಿ ಜ್ವರ ಹೇಳಿಕೇಳಿ ಬರುವುದಿಲ್ಲ. ತಾರೀಕು ಬದಲಿಸಿದರೆ ದುಡ್ಡು ಉಳಿಯುತ್ತದೆಯೇ ಕೇಳಿ, ಹೌದೆಂದರೆ ರಶೀದಿಯ ಮೇಲೆ ಬರೆಸಿಕೊಳ್ಳಿ.