ಸುದ್ದಿಯಲ್ಲಿ ನಾನು ಮೊದಲು ಹುಡುಕುವುದು ಕ್ರಿಯಾಪದವನ್ನು

ತಂತ್ರಜ್ಞಾನ, ಉದ್ಯಮ ಮತ್ತು ಸರ್ಕಾರ ಒಂದನ್ನೊಂದು ತಗುಲುವ ಜಾಗದಲ್ಲಿ ಹುಟ್ಟುವ ಸುದ್ದಿಗಳ ಬಗ್ಗೆ ನಾನು ಹಲವು ವರ್ಷಗಳಿಂದ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ನಾನು ಪತ್ರಕರ್ತನಲ್ಲ, ವಕೀಲನಂತೂ ಅಲ್ಲ. ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು ಸಂಜೆಯ ಹೊತ್ತಿನಲ್ಲಿ ಬರೆಯುವವನು. ಆರಂಭದ ದಿನಗಳಲ್ಲಿ ನನ್ನ ಪದ್ಧತಿ ಸರಳವಾಗಿತ್ತು: ಬೆಳಿಗ್ಗೆ ಸುದ್ದಿ ಓದುವುದು, ಮಧ್ಯಾಹ್ನದವರೆಗೆ ಅದರ ಬಗ್ಗೆ ಕುದಿಯುವುದು, ರಾತ್ರಿ ಬರೆದು ಮುಗಿಸುವುದು. ಆ ಪದ್ಧತಿಯನ್ನು ನಾನು ಬಿಟ್ಟದ್ದು ಯಾರೋ ಬುದ್ಧಿ ಹೇಳಿದರೆಂದಲ್ಲ, ನಾನು ಬರೆದದ್ದೇ ತಿರುಗಿ ಬಂದು ನನ್ನ ಎದುರಿಗೆ ನಿಂತಿತೆಂದು.

2016ರ ಆಗಸ್ಟ್ 30ರಂದು ಯುರೋಪಿಯನ್ ಒಕ್ಕೂಟದ ಆಡಳಿತ ಅಂಗವಾದ ಯುರೋಪಿಯನ್ ಆಯೋಗವು, ಐರ್ಲೆಂಡ್ ದೇಶವು ಆಪಲ್ ಕಂಪನಿಗೆ ಕೊಟ್ಟಿದ್ದ ತೆರಿಗೆ ಅನುಕೂಲವು ಕಾನೂನುಬಾಹಿರವಾದ ಸರ್ಕಾರಿ ನೆರವು ಎಂದು ನಿರ್ಧರಿಸಿ, 1,300 ಕೋಟಿ ಯೂರೋವರೆಗಿನ ಮೊತ್ತವನ್ನು ಬಡ್ಡಿ ಸಹಿತ ವಸೂಲು ಮಾಡುವಂತೆ ಐರ್ಲೆಂಡಿಗೆ ಸೂಚಿಸಿತು. ಅಂದು ರಾತ್ರಿಯೇ ನಾನು ಉದ್ದನೆಯ ಟಿಪ್ಪಣಿಯೊಂದನ್ನು ಬರೆದೆ. ಅದರಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದಾಗಿ ನಾನದನ್ನು ‘ದಂಡ’ ಎಂದು ಕರೆದಿದ್ದೆ; ಅದು ದಂಡವಾಗಿರಲಿಲ್ಲ, ಕಟ್ಟಬೇಕಾಗಿದ್ದ ತೆರಿಗೆಯ ವಸೂಲಾತಿಯಾಗಿತ್ತು, ಮತ್ತು ಆ ಹಣ ಹೋಗಬೇಕಾಗಿದ್ದದ್ದು ಅದನ್ನು ಬೇಡವೆನ್ನುತ್ತಿದ್ದ ಐರ್ಲೆಂಡಿನ ಬೊಕ್ಕಸಕ್ಕೇ. ಎರಡನೆಯ ತಪ್ಪು ಇನ್ನೂ ದೊಡ್ಡದು: ವಿಷಯ ಅಲ್ಲಿಗೆ ಮುಗಿಯಿತು ಎಂಬ ಧಾಟಿಯಲ್ಲಿ ನಾನು ಬರೆದಿದ್ದೆ. 2020ರ ಜುಲೈ 15ರಂದು ಯುರೋಪಿಯನ್ ಒಕ್ಕೂಟದ ಕೆಳಹಂತದ ನ್ಯಾಯಾಲಯವಾದ ಜನರಲ್ ಕೋರ್ಟ್ ಆಯೋಗದ ನಿರ್ಧಾರವನ್ನೇ ರದ್ದುಗೊಳಿಸಿತು. ನಾನು ಮುಜುಗರದಿಂದ ತಿದ್ದುಪಡಿಯನ್ನು ಬರೆದು, ಈ ಬಾರಿ ಆಪಲ್ ಗೆದ್ದಿತೆಂದು ಅಷ್ಟೇ ಖಚಿತವಾಗಿ ಘೋಷಿಸಿದೆ. 2024ರ ಸೆಪ್ಟೆಂಬರ್ 10ರಂದು ಒಕ್ಕೂಟದ ಅತ್ಯುನ್ನತ ನ್ಯಾಯಾಲಯವು ಆ ರದ್ದತಿಯನ್ನೂ ಬದಿಗೆ ಸರಿಸಿ ಆಯೋಗದ ಮೂಲ ನಿರ್ಧಾರವನ್ನು ಎತ್ತಿಹಿಡಿಯಿತು. ಅಂದರೆ ಎಂಟು ವರ್ಷಗಳಲ್ಲಿ ನಾನು ಒಂದೇ ಪ್ರಕರಣದ ಅಂತ್ಯವನ್ನು ಎರಡು ಸಲ ಬರೆದಿದ್ದೆ, ಅದೂ ಪರಸ್ಪರ ವಿರುದ್ಧವಾಗಿ.

2020ರ ಆ ತಿದ್ದುಪಡಿಯ ನಂತರ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ಪ್ರತಿ ಸುದ್ದಿಗೂ ಒಂದು ಪುಟ. ಪುಟದ ಮೇಲ್ಭಾಗದಲ್ಲಿ ಸುದ್ದಿಯ ಶೀರ್ಷಿಕೆಯನ್ನು ಬರೆಯುವುದಿಲ್ಲ, ಅದರ ಕ್ರಿಯಾಪದವನ್ನು ಬರೆಯುತ್ತೇನೆ: ‘ಪ್ರಸ್ತಾಪಿಸಿದೆ’, ‘ಉದ್ದೇಶಿಸಿದೆ’, ‘ಆದೇಶಿಸಿದೆ’, ‘ಒಪ್ಪಿಕೊಂಡಿದೆ’, ‘ಪಾವತಿಸಿದೆ’. ಕೆಳಗೆ, ಈ ಕ್ರಿಯಾಪದ ಬದಲಾಗಬಹುದಾದ ಮುಂದಿನ ದಿನಾಂಕವನ್ನು ಗುರುತಿಸುತ್ತೇನೆ. ಇಷ್ಟೇ ಪದ್ಧತಿ. ಇದನ್ನು ಕಂಪ್ಯೂಟರಿನಲ್ಲಿಯೂ ಮಾಡಬಹುದು. ನನಗೆ ಕೈಬರಹದಲ್ಲಿ ಹೊಡೆದುಹಾಕಿದ ಗೆರೆಗಳು ಕಾಣಬೇಕು, ಅದಕ್ಕಾಗಿ ಕಾಗದ.

ಕ್ರಿಯಾಪದವೊಂದು ಎಷ್ಟು ಹಣದ ವ್ಯತ್ಯಾಸವನ್ನು ಅಡಗಿಸಿಟ್ಟುಕೊಳ್ಳಬಲ್ಲದು ಎಂಬುದಕ್ಕೆ ನನ್ನ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲೇ ಉದಾಹರಣೆಯಿದೆ. 2018ರಲ್ಲಿ ನಡೆದ ಗ್ರಾಹಕರ ದತ್ತಾಂಶ ಸೋರಿಕೆಗಾಗಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಗೆ 18.3 ಕೋಟಿ ಪೌಂಡ್ ದಂಡ ವಿಧಿಸುವ ‘ಉದ್ದೇಶವಿದೆ’ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2019ರ ಜುಲೈನಲ್ಲಿ ತಿಳಿಸಿತು. ಶೀರ್ಷಿಕೆಗಳಲ್ಲಿ ‘ಉದ್ದೇಶ’ ಬಿದ್ದುಹೋಗಿ ‘ದಂಡ’ ಮಾತ್ರ ಉಳಿಯಿತು. 2020ರ ಅಕ್ಟೋಬರಿನಲ್ಲಿ ನಿಜವಾಗಿ ವಿಧಿಸಲಾದ ದಂಡ 2 ಕೋಟಿ ಪೌಂಡ್. ಅದೇ ತಿಂಗಳು ಮ್ಯಾರಿಯಟ್ ಹೋಟೆಲ್ ಸಮೂಹದ ವಿಷಯದಲ್ಲಿಯೂ ಹಾಗೆಯೇ ಆಯಿತು, ಉದ್ದೇಶಿಸಿದ್ದು 9.9 ಕೋಟಿ ಪೌಂಡ್, ವಿಧಿಸಿದ್ದು 1.84 ಕೋಟಿ. ಇಲ್ಲಿ ಮೋಸವೇನೂ ನಡೆದಿರಲಿಲ್ಲ. ಮೊದಲ ನೋಟಿಸಿಗೆ ಕಂಪನಿ ಉತ್ತರ ಕೊಡಬೇಕು, ಕಚೇರಿ ಅದನ್ನು ಪರಿಶೀಲಿಸಬೇಕು ಎಂಬುದು ಆ ಕಾನೂನು ಹಾಕಿಕೊಟ್ಟ ದಾರಿ. ಆದರೆ ದೊಡ್ಡ ಸಂಖ್ಯೆಯನ್ನು ಓದಿದವರಲ್ಲಿ ಸಣ್ಣ ಸಂಖ್ಯೆಯನ್ನೂ ಓದಿದವರು ಎಷ್ಟು ಮಂದಿ ಇದ್ದಾರು? ಕೋಪವೆಲ್ಲ ಮೊದಲ ಸಂಖ್ಯೆಗೇ ಖರ್ಚಾಗಿ ಹೋಗಿರುತ್ತದೆ.

ಸಂಖ್ಯೆಗಳ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಿಲಿಯನ್ ಎಂದರೆ ನೂರು ಕೋಟಿ, ಟ್ರಿಲಿಯನ್ ಎಂದರೆ ಲಕ್ಷ ಕೋಟಿ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅವಸರದಲ್ಲಿ ನಾನು ಎರಡು ಬಾರಿ ಹತ್ತು ಪಟ್ಟು ತಪ್ಪು ಮಾಡಿದ್ದೇನೆ. ಈಗ ಮೊತ್ತವನ್ನು ಮೊದಲು ಸೊನ್ನೆಗಳ ಸಹಿತ ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಕೋಟಿಗೆ ಇಳಿಸುತ್ತೇನೆ. ಮಗ್ಗಿ ಕಲಿಯುವ ಮಗುವಿನಂತೆ ಕಾಣುತ್ತದೆ, ಇರಲಿ.

ನನ್ನ ಭಾಷೆಯೇ ನನಗೆ ಒಡ್ಡಿದ ಇನ್ನೊಂದು ತೊಡಕಿದೆ, ಮತ್ತು ಅದನ್ನು ಬಿಡಿಸಿಕೊಳ್ಳಲು ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ನಾವು ಮಾತನಾಡುವಾಗ ಕೇಳಿದ ಸುದ್ದಿಯ ಬಾಲಕ್ಕೆ ‘ಅಂತೆ’ ಎಂದು ಸೇರಿಸುತ್ತೇವೆ. ‘ಕಂಪನಿ ಮುಚ್ಚುತ್ತಾರಂತೆ’ ಎಂದರೆ, ನಾನು ನೋಡಿಲ್ಲ, ಕೇಳಿದ್ದೇನೆ, ಹೊಣೆ ನನ್ನದಲ್ಲ ಎಂಬುದೆಲ್ಲವೂ ಆ ಒಂದು ಚಿಕ್ಕ ಪ್ರತ್ಯಯದಲ್ಲಿ ಪ್ರಾಮಾಣಿಕವಾಗಿ ಬಂದುಬಿಡುತ್ತದೆ. ಬರೆಯಲು ಕುಳಿತ ಕೂಡಲೇ ಅದೇ ‘ಅಂತೆ’ ಕೋಟು ತೊಟ್ಟುಕೊಂಡು ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’, ‘ಎಂದು ಮೂಲಗಳು ತಿಳಿಸಿವೆ’ ಎಂದಾಗುತ್ತದೆ. ಅಂದವರು ಯಾರು, ತಿಳಿದುಬಂದದ್ದು ಯಾರಿಗೆ ಎಂಬ ಪ್ರಶ್ನೆಗಳು ಕರ್ಮಣಿ ಪ್ರಯೋಗದ ಒಳಗೆ ಕರಗಿಹೋಗಿ, ಗಾಳಿಸುದ್ದಿಗೆ ದಾಖಲೆಯ ಗಾಂಭೀರ್ಯ ಬರುತ್ತದೆ. ನನ್ನ ಹಳೆಯ ಟಿಪ್ಪಣಿಗಳನ್ನು ತೆಗೆದು ‘ಎನ್ನಲಾಗಿದೆ’ ಎಂಬುದರ ಕೆಳಗೆಲ್ಲ ಕೆಂಪು ಗೆರೆ ಎಳೆದಾಗ, ನಾನು ಅತ್ಯಂತ ಖಚಿತವಾಗಿ ತೀರ್ಪು ಕೊಟ್ಟಿದ್ದ ಬರಹಗಳಲ್ಲಿಯೇ ಆ ಗೆರೆಗಳು ಹೆಚ್ಚಾಗಿದ್ದವು. ಅಂದಿನಿಂದ ಆ ಮೂರೂ ಪದಪುಂಜಗಳನ್ನು ನನ್ನ ಬರವಣಿಗೆಯಿಂದ ಹೊರಗಿಟ್ಟಿದ್ದೇನೆ. ಕರ್ತೃವನ್ನು ಹೆಸರಿಸಲು ಸಾಧ್ಯವಾದರೆ ಹೆಸರಿಸುತ್ತೇನೆ, ಆಗದಿದ್ದರೆ ಆ ವಾಕ್ಯವನ್ನೇ ಕೈಬಿಡುತ್ತೇನೆ. ಇದರಿಂದ ನನ್ನ ಟಿಪ್ಪಣಿಗಳು ಮೂರನೆಯ ಒಂದು ಭಾಗದಷ್ಟು ಕುಗ್ಗಿದವು. ಯಾರೂ ಅದರ ಬಗ್ಗೆ ದೂರಲಿಲ್ಲ.

ಉದ್ಯಮದ ಸುದ್ದಿಗಳಲ್ಲಿ ನಾನು ಕಾಯುವ ಕ್ರಿಯಾಪದ ‘ಖರೀದಿಸಿದೆ’ ಎಂಬುದು. ಎನ್‌ವಿಡಿಯಾ 2020ರ ಸೆಪ್ಟೆಂಬರಿನಲ್ಲಿ ಚಿಪ್ ವಿನ್ಯಾಸ ಮಾಡುವ ಆರ್ಮ್ ಕಂಪನಿಯನ್ನು 4,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು; 2022ರ ಫೆಬ್ರವರಿಯಲ್ಲಿ ಆ ಒಪ್ಪಂದ ಮುರಿದುಬಿತ್ತು. ಅಡೋಬಿ ಕಂಪನಿಯು 2022ರ ಸೆಪ್ಟೆಂಬರಿನಲ್ಲಿ ವಿನ್ಯಾಸದ ಸಾಫ್ಟ್‌ವೇರ್ ಮಾಡುವ ಫಿಗ್ಮಾ ಕಂಪನಿಯನ್ನು ಸುಮಾರು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ಒಪ್ಪಿಗೆ ಸಿಗುವ ದಾರಿ ಕಾಣದೆ 2023ರ ಡಿಸೆಂಬರಿನಲ್ಲಿ ಹಿಂದೆ ಸರಿದು, ಒಪ್ಪಂದದ ಷರತ್ತಿನಂತೆ ಫಿಗ್ಮಾಗೆ 100 ಕೋಟಿ ಡಾಲರ್ ಕೊಟ್ಟಿತು. ಘೋಷಣೆಯ ದಿನ ಬರೆದಿದ್ದರೆ, ನಡೆಯದೇ ಹೋದ ಮದುವೆಯ ಸಂಸಾರದ ಬಗ್ಗೆ ನಾನು ಪುಟಗಟ್ಟಲೆ ಬರೆದಿರುತ್ತಿದ್ದೆ. ಈಗ ಘೋಷಣೆಯ ದಿನ ನಾನು ಓದುವುದು ಪತ್ರಿಕಾ ಪ್ರಕಟಣೆಯ ಕೊನೆಯ ಭಾಗವನ್ನು. ಯಾವ ಯಾವ ಅನುಮತಿಗಳು ಬಾಕಿ ಇವೆ, ಮುರಿದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ವಿವರಗಳು ಇರುವುದು ಅಲ್ಲಿಯೇ, ಅಥವಾ ಷೇರು ನಿಯಂತ್ರಕರಿಗೆ ಸಲ್ಲಿಸಿದ ದಾಖಲೆಗಳಲ್ಲಿ. ಮೇಲ್ಭಾಗದಲ್ಲಿ ಇರುವ ಮುಖ್ಯಸ್ಥರ ಉತ್ಸಾಹದ ಮಾತುಗಳಲ್ಲಿ ಇಬ್ಬರ ಹೆಸರು ಅದಲುಬದಲು ಮಾಡಿದರೂ ವ್ಯತ್ಯಾಸ ತಿಳಿಯುವುದಿಲ್ಲ.

ತಂತ್ರಜ್ಞಾನದ ಅವಘಡಗಳಲ್ಲಿ ತಡೆದುಕೊಳ್ಳುವುದು ನನಗೆ ಬಹಳ ಕಷ್ಟ, ಏಕೆಂದರೆ ಅದು ನನ್ನ ಕಸುಬು, ಮತ್ತು ಕಸುಬಿನವನಿಗೆ ಕಾರಣ ಗೊತ್ತೆಂಬ ಭ್ರಮೆ ಬೇಗ ಬರುತ್ತದೆ. 2024ರ ಜುಲೈ 19ರಂದು ಜಗತ್ತಿನ ಹಲವೆಡೆ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದಾಗ ನಾನು ಕರಡೊಂದನ್ನು ಬರೆದೇಬಿಟ್ಟಿದ್ದೆ, ಮತ್ತು ಅದರಲ್ಲಿ ಇಡೀ ತಪ್ಪನ್ನು ಮೈಕ್ರೋಸಾಫ್ಟಿನ ಮೇಲೆ ಹೊರಿಸಿದ್ದೆ. ನೀಲಿ ಪರದೆ ಅವರದಲ್ಲವೇ ಎಂಬುದಷ್ಟೇ ನನ್ನ ಆಧಾರ. ನೋಟ್‌ಬುಕ್ಕಿನ ಪದ್ಧತಿಯನ್ನು ನೆನೆದು, ಪ್ರಕಟಿಸದೆ ಒಂದು ರಾತ್ರಿ ಕಾದೆ. ಅಷ್ಟರಲ್ಲಿ, ದೋಷ ಇದ್ದದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯು ಕಳುಹಿಸಿದ ಒಂದು ಅಪ್‌ಡೇಟಿನಲ್ಲಿ ಎಂಬುದು ಸ್ಪಷ್ಟವಾಗಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟಿದ್ದವು; ಅದು ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಶೇ. 1ಕ್ಕಿಂತ ಕಡಿಮೆ.

ಆದರೆ ಬರೆಯಲು ಯೋಗ್ಯವಾದ ವಿಷಯ ಸಿಕ್ಕಿದ್ದು ಆ ದಿನವಲ್ಲ, ಆಗಸ್ಟ್ 6ರಂದು, ಕಂಪನಿಯು ಮೂಲಕಾರಣದ ವರದಿಯನ್ನು ಪ್ರಕಟಿಸಿದಾಗ. ಅದರ ಪ್ರಕಾರ, ದಾಳಿಗಳನ್ನು ಪತ್ತೆಹಚ್ಚುವ ನಿಯಮಗಳ ನಮೂನೆಯು 21 ಇನ್‌ಪುಟ್‌ಗಳನ್ನು ನಿರೀಕ್ಷಿಸುತ್ತಿತ್ತು, ಯಂತ್ರದೊಳಗಿನ ಕೋಡ್ ಕೊಡುತ್ತಿದ್ದದ್ದು 20. ಅಲ್ಲಿಯವರೆಗಿನ ನಿಯಮಗಳು ಇಪ್ಪತ್ತೊಂದನೆಯದನ್ನು ‘ಏನಿದ್ದರೂ ಸರಿ’ ಎಂದು ಬಿಟ್ಟುಕೊಟ್ಟಿದ್ದರಿಂದ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ. ಅಂದಿನ ಹೊಸ ನಿಯಮವೊಂದು ಆ ಇಪ್ಪತ್ತೊಂದನೆಯದನ್ನು ನಿಜವಾಗಿಯೂ ಓದಲು ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಕೋಡ್ ಕೆಲಸ ಮಾಡುತ್ತಿದ್ದದ್ದು ವ್ಯವಸ್ಥೆಯ ತಿರುಳಾದ ಕರ್ನಲ್ ಮಟ್ಟದಲ್ಲಾದ್ದರಿಂದ ಇಡೀ ಯಂತ್ರವೇ ಕುಸಿಯಿತು. ದೋಷಪೂರಿತ ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಳ್ಳಲಾಗಿತ್ತು, ಆದರೆ ಏಳಲಾಗದ ಯಂತ್ರಕ್ಕೆ ಪರಿಹಾರವನ್ನು ಇಂಟರ್ನೆಟ್ ಮೂಲಕ ತಲುಪಿಸುವುದು ಹೇಗೆ? ಹೆಚ್ಚಿನವುಗಳ ಎದುರು ಮನುಷ್ಯನೊಬ್ಬ ಕುಳಿತು ಕಡತವನ್ನು ಅಳಿಸಬೇಕಾಯಿತು. ಜುಲೈ 19ರ ನನ್ನ ಕರಡಿನಲ್ಲಿ ಒಂದು ಕಂಪನಿಯ ಮೇಲಿನ ಸಿಟ್ಟಿತ್ತು. ಆಗಸ್ಟಿನ ಟಿಪ್ಪಣಿಯಲ್ಲಿ, ಎಲ್ಲ ಗ್ರಾಹಕರಿಗೂ ಒಮ್ಮೆಗೇ ಅಪ್‌ಡೇಟ್ ಕಳುಹಿಸುವ ಬದಲು ಹಂತ ಹಂತವಾಗಿ ಕಳುಹಿಸಬೇಕಾಗಿತ್ತು ಎಂಬ, ಯಾವ ತಂಡವಾದರೂ ಮರುದಿನವೇ ತನ್ನ ಕೆಲಸಕ್ಕೆ ಅನ್ವಯಿಸಿಕೊಳ್ಳಬಹುದಾದ ಮಾತಿತ್ತು. ಮೊದಲನೆಯದನ್ನು ಪ್ರಕಟಿಸಿದ್ದರೆ ಓದುಗರು ಹೆಚ್ಚು ಸಿಗುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗೆಂದು ಕಾಯುವುದನ್ನೇ ವ್ರತ ಮಾಡಿಕೊಂಡರೆ ಟಿಪ್ಪಣಿ ಬರೆಯುವುದೇ ನಿಂತುಹೋಗುತ್ತದೆ. ಕೆಲವೊಮ್ಮೆ ಪ್ರಕರಣ ಅರ್ಧ ದಾರಿಯಲ್ಲಿರುವಾಗಲೇ ಮಾತನಾಡಬೇಕಾಗುತ್ತದೆ, ಆಗ ದಾರಿ ಅರ್ಧವಷ್ಟೇ ಸವೆದಿದೆ ಎಂದು ಹೇಳಿದರೆ ಸಾಕು. 2024ರ ಆಗಸ್ಟ್ 5ರಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಗೂಗಲ್ ಕಂಪನಿಯು ಅಂತರ್ಜಾಲ ಹುಡುಕಾಟದ ಮಾರುಕಟ್ಟೆಯಲ್ಲಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಮಾನಿಸಿದಾಗ, ಕಂಪನಿ ಇನ್ನು ಒಡೆಯುವುದು ಖಚಿತ ಎಂಬ ಬರಹಗಳು ತುಂಬಿಹೋದವು. ನಾನು ಅಂದೇ ಬರೆದೆ, ಆದರೆ ತಪ್ಪು ಮಾಡಿದೆಯೇ ಎಂಬುದು ಒಂದು ಹಂತ, ಅದಕ್ಕೆ ಪರಿಹಾರವೇನು ಎಂಬುದು ಇನ್ನೊಂದು ಹಂತ ಎಂಬುದನ್ನು ಮೊದಲ ಸಾಲಿನಲ್ಲಿಯೇ ಇಟ್ಟೆ. ಹಿಂದೆ, 2000ರ ಜೂನ್‌ನಲ್ಲಿ ಮೈಕ್ರೋಸಾಫ್ಟನ್ನು ಎರಡು ಕಂಪನಿಗಳಾಗಿ ಒಡೆಯಬೇಕೆಂಬ ಆದೇಶ ಬಂದಿತ್ತು; ಮರುವರ್ಷವೇ ಮೇಲ್ಮನವಿ ನ್ಯಾಯಾಲಯವು ಏಕಸ್ವಾಮ್ಯದ ತೀರ್ಮಾನದ ಮುಖ್ಯ ಭಾಗವನ್ನು ಉಳಿಸಿಕೊಂಡು ಒಡೆಯುವ ಆದೇಶವನ್ನು ತೆಗೆದುಹಾಕಿತ್ತು. ಅದನ್ನು ನೆನಪಿಟ್ಟುಕೊಂಡವರಿಗೆ, 2025ರ ಸೆಪ್ಟೆಂಬರ್ 2ರಂದು ಮೆಹ್ತಾ ಅವರು ಕ್ರೋಮ್ ಬ್ರೌಸರನ್ನು ಮಾರುವಂತೆ ಆದೇಶಿಸದೇ ಇದ್ದದ್ದು ಅಚ್ಚರಿಯಾಗಲಿಲ್ಲ. ಆ ಪರಿಹಾರ ಸಾಲದು ಎಂಬುದು ನನ್ನ ಅಭಿಪ್ರಾಯ, ಮತ್ತು ಅದನ್ನು ಅಭಿಪ್ರಾಯವೆಂದೇ ಬರೆದೆ. ನಿಷ್ಪಕ್ಷಪಾತವಾಗಿ ಕಾಣಬೇಕೆಂಬ ಆಸೆ ನನಗಿಲ್ಲ. ಯಾವುದು ದಾಖಲೆಯ ಮಾತು, ಯಾವುದು ನನ್ನ ಮಾತು ಎಂಬ ಗೆರೆ ಓದುಗರಿಗೆ ಕಾಣಬೇಕು, ಅಷ್ಟೇ. ನಾನು ಯಾವ ಕಂಪನಿಗಳ ಬಗ್ಗೆ ಬರೆಯುತ್ತೇನೋ ಅವುಗಳ ಷೇರುಗಳನ್ನು ಕೊಳ್ಳುವುದಿಲ್ಲ ಎಂಬ ನಿಯಮವೂ ಇದೇ ಕಾರಣಕ್ಕೆ.

ತಪ್ಪಾದಾಗ ತಿದ್ದುಪಡಿಯನ್ನು ಟಿಪ್ಪಣಿಯ ಬುಡದಲ್ಲಲ್ಲ, ನೆತ್ತಿಯಲ್ಲಿ, ದಿನಾಂಕದೊಂದಿಗೆ ಹಾಕುತ್ತೇನೆ. ಆಪಲ್ ಟಿಪ್ಪಣಿಯ ನೆತ್ತಿಯಲ್ಲಿ ಈಗ ಎರಡು ತಿದ್ದುಪಡಿಗಳಿವೆ.

ಸದ್ಯ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಗೆರೆ ಹೊಡೆಸಿಕೊಂಡಿರುವ ಪುಟ ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆಯದು. ಅದು 2024ರ ಆಗಸ್ಟ್ 1ರಂದು ಜಾರಿಗೆ ಬಂತು ಎಂದು ಎಲ್ಲರೂ ಬರೆದರು, ನಾನೂ ಬರೆದೆ. ಆದರೆ ಜಾರಿಗೆ ಬರುವುದು ಬೇರೆ, ಅನ್ವಯವಾಗುವುದು ಬೇರೆ: ಮೂಲ ಪಠ್ಯದಂತೆ ನಿಷೇಧಗಳು 2025ರ ಫೆಬ್ರವರಿ 2ರಿಂದ, ಹಲವು ಬಗೆಯ ಕೆಲಸಕ್ಕೆ ಬಳಸಬಹುದಾದ ‘ಸಾಮಾನ್ಯ ಉದ್ದೇಶದ’ ಕೃತಕ ಬುದ್ಧಿಮತ್ತೆ ಮಾದರಿಗಳ ಮೇಲಿನ ಹೊಣೆಗಾರಿಕೆಗಳು ಅದೇ ವರ್ಷದ ಆಗಸ್ಟ್ 2ರಿಂದ, ಉಳಿದ ಬಹುಪಾಲು 2026ರ ಆಗಸ್ಟ್ 2ರಿಂದ. ಈ ಮೂರು ದಿನಾಂಕಗಳನ್ನೂ ನಾನು ಶಾಯಿಯಲ್ಲಿ ಬರೆದಿದ್ದೆ. 2025ರ ನವೆಂಬರಿನಲ್ಲಿ ಯುರೋಪಿಯನ್ ಆಯೋಗವು, ಹೆಚ್ಚಿನ ಅಪಾಯದ ವ್ಯವಸ್ಥೆಗಳ ಮೇಲಿನ ನಿಯಮಗಳನ್ನು ಮುಂದೂಡುವ ಸಲಹೆಯನ್ನು ತಾನೇ ಮುಂದಿಟ್ಟಿತು. ಅಂದು ಪುಟದ ಅಂಚಿನಲ್ಲಿ ‘ಪ್ರಸ್ತಾಪಿಸಿದೆ’ ಎಂದು ಬರೆದು, ಮೂರನೆಯ ದಿನಾಂಕದ ಪಕ್ಕದಲ್ಲಿ ಹೊಸ ದಿನಾಂಕವನ್ನು ಪೆನ್ಸಿಲಿನಲ್ಲಿ ಗುರುತಿಸಿದೆ.